ತಾಯಿ ಕಾರ್ಡ್ ಮಗುವಿನ ಜತೆಗೇ ಇರಲಿ: ಲಸಿಕೆಯ ವಿಷಯದಲ್ಲಿ ಮಾಡಬೇಕಾದ್ದು, ಮಾಡಬಾರದ್ದು

ಹೆರಿಗೆ ಆಸ್ಪತ್ರೆಯಲ್ಲೇ ಆಗುವುದರಿಂದ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ ಮೊದಲ ಚುಚ್ಚುಮದ್ದು ಈಗ ಬಹುತೇಕ ತಪ್ಪುವುದಿಲ್ಲ. ತಪ್ಪುವುದು ಆಮೇಲೆ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಲಸಿಕೆಗಳು ಬಾಣಂತಿಯ ತವರಿನಲ್ಲಿ ಆಗುತ್ತವೆ. ಐದನೇ ತಿಂಗಳಿಗೆ ಗಂಡನ ಮನೆಗೆ ಬಂದಾಗ ತವರಿನ ಆಶಾ ಕಾರ್ಯಕರ್ತೆಯ ಪಟ್ಟಿಯಿಂದ ಮಗು ಹೊರಗೆ. ಇಲ್ಲಿನ ಪಟ್ಟಿಗೆ ಇನ್ನೂ ಸೇರಿರುವುದಿಲ್ಲ. ಒಂಬತ್ತು ತಿಂಗಳಿಗೆ ಹಾಕಿಸಬೇಕಾದ ದಡಾರ-ರುಬೆಲ್ಲಾ ಲಸಿಕೆ ಹೀಗೆ ಕೈತಪ್ಪುತ್ತದೆ. ಈ ಸೂಚನೆ ಮುಖ್ಯವಾಗಿ ಅಂಥ ಮಕ್ಕಳ ಮನೆಯವರಿಗೆ.

ಮಾಡಬೇಕಾದ್ದು

ಊರು ಬದಲಾದ ವಾರದಲ್ಲೇ ಅಂಗನವಾಡಿಗೆ ಹೋಗಿ ಮಗುವಿನ ಹೆಸರು ಬರೆಸಿ. ಲಸಿಕೆಯ ದಾಖಲೆಯಿರುವ ತಾಯಿ ಕಾರ್ಡ್ ತವರಿನ ಬೀರುವಿನಲ್ಲಿ ಉಳಿಯಕೂಡದು. ಕಾರ್ಡ್ ಕಳೆದಿದ್ದರೂ ಲಸಿಕೆಗೆ ಹೋಗಿ, ಮೊದಲು ಲಸಿಕೆ ಹಾಕಿದ ಕೇಂದ್ರದಲ್ಲಿ ವಿಚಾರಿಸಿದರೆ ದಾಖಲೆ ಸಿಗುತ್ತದೆ. ಸರ್ಕಾರಿ ಲಸಿಕೆಗೆ ಎಲ್ಲಿಯೂ ಹಣ ಕೊಡಬೇಕಿಲ್ಲ.

ಲಸಿಕೆ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ಬಸ್ಸಿಗೆ ಹೊತ್ತಾಯಿತೆಂದು ಏಳಬೇಡಿ. ತೀರಾ ಅಪರೂಪಕ್ಕೆ ಅಲರ್ಜಿಯಾದರೆ ಅದಕ್ಕೆ ಬೇಕಾದ ಔಷಧ ಇರುವುದು ಅಲ್ಲಿ. ಹೊರಡುವ ಮುನ್ನ ಇವತ್ತು ಯಾವ ಲಸಿಕೆ, ಏನಾಗಬಹುದು, ಮುಂದಿನ ತಾರೀಖು ಯಾವುದು ಎಂದು ಕೇಳಿ, ತಾರೀಖನ್ನು ಕಾರ್ಡಿನಲ್ಲಿ ಬರೆಸಿಕೊಳ್ಳಿ.

16ರಿಂದ 24 ತಿಂಗಳೊಳಗೆ ದಡಾರದ ಎರಡನೇ ಡೋಸ್ ಕಡ್ಡಾಯವಾಗಿ ಹಾಕಿಸಿ. ಮಗು ಓಡಾಡುತ್ತಿದೆ, ಗಟ್ಟಿಮುಟ್ಟಾಗಿದೆ ಎಂದು ಹೆಚ್ಚಿನವರು ಮರೆಯುವುದು ಇದನ್ನೇ. ದಡಾರವಾದ ಮಗು ಕೋಣೆ ಬಿಟ್ಟು ಹೋದರೂ ಅದರ ವೈರಸ್ ಎರಡು ಗಂಟೆಯವರೆಗೆ ಗಾಳಿಯಲ್ಲಿರುತ್ತದೆ. ಅದನ್ನು ತಡೆಯಬೇಕಾದರೆ ಊರಿನ 100 ಮಕ್ಕಳಲ್ಲಿ 95 ಮಕ್ಕಳಿಗಾದರೂ ಎರಡೂ ಡೋಸ್ ಆಗಿರಬೇಕು. ಇನ್ನೂ ಒಂಬತ್ತು ತಿಂಗಳು ತುಂಬದ ಕೂಸುಗಳನ್ನು ಕಾಯುವುದು ಆ 95 ಮಕ್ಕಳೇ.

5-6 ವರ್ಷಕ್ಕೆ ಡಿಪಿಟಿ, 10 ಮತ್ತು 16 ವರ್ಷಕ್ಕೆ ಟಿಡಿ ಚುಚ್ಚುಮದ್ದೂ ಇವೆ.

ಮಾಡಬಾರದ್ದು

ನೆಗಡಿ, ಸಣ್ಣ ಕೆಮ್ಮು, ಅಮಾವಾಸ್ಯೆ ಎಂದು ದಿನ ಮುಂದೂಡಬೇಡಿ. ಮಗುವನ್ನು ಕರೆದುಕೊಂಡು ಹೋಗಿ. ಹಾಕಬಹುದೋ ಬೇಡವೋ ನರ್ಸ್ ನೋಡಿ ಹೇಳಲಿ. ಮಗು ಬಡಕಲಾಗಿದೆ ಎಂಬ ನೆಪ ಬೇಡವೇ ಬೇಡ, ಅಂಥ ಮಗುವಿಗೇ ದಡಾರ ಹೆಚ್ಚು ಅಪಾಯ.

ಚುಚ್ಚಿದ ಜಾಗಕ್ಕೆ ಎಣ್ಣೆ, ಅರಿಶಿನ, ಸುಣ್ಣ ಹಚ್ಚಬೇಡಿ, ಉಜ್ಜಬೇಡಿ. ಎಡತೋಳಿನ ಬಿಸಿಜಿ ಜಾಗ ಕೆಲವು ವಾರಗಳ ಮೇಲೆ ಗುಳ್ಳೆಯಾಗಿ, ಒಡೆದು, ಕಲೆ ಬಿಟ್ಟು ತಾನೇ ಮಾಯುತ್ತದೆ. ಪೆಂಟಾವೇಲೆಂಟ್ ಲಸಿಕೆ ಹಾಕಿದ ತೊಡೆ ಊದಬಹುದು, ಒಂದೆರಡು ದಿನ ಜ್ವರ ಬರಬಹುದು. ನರ್ಸ್ ಹೇಳಿದಷ್ಟೇ ಪ್ಯಾರಾಸಿಟಮಾಲ್ ಕೊಡಿ. ದೊಡ್ಡವರ ಮಾತ್ರೆ ಮುರಿದು ಕೊಡಬೇಡಿ. ಫಿಟ್ಸ್ ಬಂದರೆ, ಉಸಿರಾಟ ಕಷ್ಟವಾದರೆ, ಅಳು ನಿಲ್ಲದೇ ಹೋದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಮುಂದಿನ ಸಲ ಲಸಿಕೆಗೆ ಮೊದಲೇ ಆ ವಿಷಯ ಹೇಳಿ.

ಒಂದು ಡೋಸ್ ತಪ್ಪಿತೆಂದು ಉಳಿದದ್ದನ್ನು ಬಿಡಬೇಡಿ. ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ.

ಮೈಮೇಲೆ ದಡಾರ ಎದ್ದರೆ 'ಅಮ್ಮ ಬಂದಿದೆ' ಎಂದು ಬಾಗಿಲಿಗೆ ಬೇವು ಕಟ್ಟಿ ಸುಮ್ಮನಿರಬೇಡಿ. ಪೂಜೆ ನಿಮ್ಮ ನಂಬಿಕೆ, ಮಾಡಿ. ಆದರೆ ಅಂದೇ ಆಶಾಗೆ ತಿಳಿಸಿ. ಮಗುವಿಗೆ ವಿಟಮಿನ್ ಎ ಕೊಡಿಸಬೇಕು, ಅಕ್ಕಪಕ್ಕದ ಮಕ್ಕಳ ಕಾರ್ಡ್ ನೋಡಬೇಕು.

ಮೇಸ್ತ್ರಿಗಳಿಗೆ, ಮಾಲೀಕರಿಗೆ, ಸಂಘದವರಿಗೆ

ಇಟ್ಟಿಗೆ ಭಟ್ಟಿ, ಕಟ್ಟಡ, ಕಾಫಿ ತೋಟ, ಕಬ್ಬು ಕಟಾವಿಗೆ ಬಂದ ಗುಂಪಿನಲ್ಲಿ ಐದು ವರ್ಷದೊಳಗಿನ ಮಕ್ಕಳೆಷ್ಟು ಎಂದು ಬಂದ ದಿನವೇ ಆಶಾಗೆ ಹೇಳಿ. ಲಸಿಕೆ ದಿನ ತಾಯಿಗೆ ಅರ್ಧ ದಿನ ಬಿಡುವು ಕೊಡಿ, ಕೂಲಿ ಹಿಡಿಯಬೇಡಿ. ದೇಶದ ಕೊನೆಯ ಸಹಜ (ವೈಲ್ಡ್) ಪೋಲಿಯೊ ವೈರಸ್ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡುಬಂತು. ಆ ರೋಗವನ್ನು ಹೊರಗಟ್ಟಲು ಭಟ್ಟಿಗಳಲ್ಲಿ, ರೈಲು ನಿಲ್ದಾಣಗಳಲ್ಲಿ ಇಂಥ ಮಕ್ಕಳನ್ನೇ ಹುಡುಕಿ ಹುಡುಕಿ ಹನಿ ಹಾಕಬೇಕಾಯಿತು.

ಸ್ವಸಹಾಯ ಸಂಘದ ಸಭೆಯಲ್ಲಿ ಆ ತಿಂಗಳು ಲಸಿಕೆ ಬಾಕಿಯಿರುವ ಮನೆಗಳನ್ನು ಹಂಚಿಕೊಳ್ಳಿ. ಯಾರಾದರೂ ಒಲ್ಲೆ ಎಂದರೆ ರೇಷನ್ ನಿಲ್ಲಿಸುತ್ತೇವೆಂದು ಹೆದರಿಸಬೇಡಿ. ಮನೆಯಲ್ಲಿ ಯಾರ ಮಾತು ನಡೆಯುತ್ತದೋ, ಅತ್ತೆಯೋ ಮಾವನೋ, ಅವರ ಜತೆ ಕುಳಿತು ಮಾತಾಡಿ. ಲಸಿಕೆಯ ದಿನ ಬೆಳಿಗ್ಗೆ ನೀವೇ ಹೋಗಿ ತಾಯಿ-ಮಗುವನ್ನು ಕರೆತನ್ನಿ.