ಗಾಯ ಮಾಯುವುದು ಹೇಗೆ? ಆರೋಗ್ಯ ಮಾತೆಯ ಅಂಗಳದಿಂದ ಒಂದು ಪಾಠ



ಪ್ರತಿ ವರ್ಷ ಆಗಸ್ಟ್ 29ರಂದು ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾದಲ್ಲಿ ಧ್ವಜ ಏರುತ್ತದೆ. ಸೆಪ್ಟೆಂಬರ್ 8ರ ಹಬ್ಬದವರೆಗೆ ಯಾತ್ರಿಕರು ಬರುತ್ತಲೇ ಇರುತ್ತಾರೆ. ಕಾವಿ ಬಟ್ಟೆ ಉಟ್ಟು ನಡೆದು ಬರುವವರು, ಮಾತೆಗೆ ಸೀರೆ ಹರಕೆ ತರುವವರು, ಕಾಯಿಲೆ ಮಗುವನ್ನು ಹೊತ್ತು ಬರುವವರು. ಒಂದು ಕಡೆ ಕನ್ನಡದಲ್ಲಿ ಪ್ರಾರ್ಥನೆ, ಇನ್ನೊಂದು ಕಡೆ ತಮಿಳಿನಲ್ಲಿ ಹಾಡು. ಹಿಂದೂ ತಾಯಂದಿರೂ ಮುಸ್ಲಿಂ ತಾಯಂದಿರೂ ಅದೇ ಸಾಲಿನಲ್ಲಿ ಮೇಣದಬತ್ತಿ ಹಿಡಿದು ನಿಲ್ಲುತ್ತಾರೆ. ನಮ್ಮ ಹಲಸೂರು, ಕೆ.ಆರ್. ಪುರಂ ಕಡೆಯ ಸಹೋದರಿಯರೂ ಹೋಗಿರುತ್ತೀರಿ, ಅಲ್ವಾ?

ಈ ಒಗ್ಗಟ್ಟು ತಾನಾಗಿ ಬಂದದ್ದಲ್ಲ. ಅದರ ಹಿಂದೆ ಒಂದು ಯುದ್ಧದ ಕಥೆ ಇದೆ.

ಯುದ್ಧದ ನಂತರ ಬಂದ ಗುರು

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನರು ಮಡಿದರು. ವರ್ಷಗಟ್ಟಲೆ ನಡೆದ ಯುದ್ಧಗಳಲ್ಲಿ ಎಲ್ಲ ಜಾತಿಮತದ ಬಡವರೂ ನೊಂದಿದ್ದರು. 1784ರಲ್ಲಿ ಕರಾವಳಿಯಿಂದ ಸೆರೆಯಾಗಿ ಬಂದ ಸಾವಿರಾರು ಕ್ರೈಸ್ತರಲ್ಲಿ ಅನೇಕರು ಸತ್ತರು, ಅನೇಕರು ಬಲವಂತಕ್ಕೆ ಮತ ಬದಲಿಸಿದ್ದರು. ಯುದ್ಧ ಮುಗಿದಾಗ ಅವರ ಮುಂದೆ ಒಂದು ದೊಡ್ಡ ಪ್ರಶ್ನೆ: ‘ನಮ್ಮವರು ನಮ್ಮನ್ನು ಮತ್ತೆ ಸೇರಿಸಿಕೊಳ್ಳುತ್ತಾರಾ?’

ಆ ಸಮಯದಲ್ಲಿ ಮೈಸೂರು ಸೀಮೆಗೆ ಬಂದವರು ಫ್ರಾನ್ಸಿನ ಮಿಷನರಿ ಗುರು ಅಬ್ಬೆ ದ್ಯುಬುವಾ. ಅವರು ನಮ್ಮ ಜನರ ಹಾಗೆಯೇ ಬಟ್ಟೆ ಉಟ್ಟರು, ಮಾಂಸ ಬಿಟ್ಟರು. ಜನ ಅವರನ್ನು ‘ದೊಡ್ಡ ಸ್ವಾಮಿ’ ಎಂದು ಕರೆದರು. ಚದುರಿಹೋದವರನ್ನು ಹುಡುಕಿ ಒಟ್ಟುಗೂಡಿಸಿದರು, ಹಿಂತಿರುಗಿದವರನ್ನು ಸೇರಿಸಿಕೊಂಡರು.

ಬೋಧನೆಯ ಜೊತೆಗೆ ಬದುಕು

ದೊಡ್ಡ ಸ್ವಾಮಿಗಳು ಬರೀ ಉಪದೇಶ ಮಾಡಲಿಲ್ಲ. ನೆಲೆ ಕಳೆದುಕೊಂಡವರಿಗಾಗಿ ಹಾಸನದ ಹತ್ತಿರ ಸಾತಳ್ಳಿಯಲ್ಲಿ ಬೇಸಾಯದ ನೆಲೆ ಮಾಡಿಕೊಟ್ಟರು. ಸಿಡುಬು ಊರೂರನ್ನೇ ತಿನ್ನುತ್ತಿದ್ದ ಕಾಲ ಅದು. 1803–04ರಲ್ಲಿ ಅವರು ಮತ್ತು ಅವರ ಸಹಾಯಕರು 25 ಸಾವಿರಕ್ಕೂ ಹೆಚ್ಚು ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದರು.

ಆಗ ಲಸಿಕೆ ಸೀಸೆಯಲ್ಲಿ ಬರುತ್ತಿರಲಿಲ್ಲ. ಲಸಿಕೆ ಹಾಕಿದ ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕುತ್ತಿದ್ದರು. ಯೋಚಿಸಿ ನೋಡಿ: ಒಬ್ಬರ ಮಗು ಇನ್ನೊಬ್ಬರ ಮಗುವನ್ನು ಉಳಿಸಬೇಕಾಗಿತ್ತು. ಮೈಲಿಗೆ, ಮಡಿ ಎಂದು ದೂರ ನಿಂತರೆ ಇಬ್ಬರಿಗೂ ನಷ್ಟ.

ಸಣ್ಣ ಗುಡಿಯಿಂದ ಬಸಿಲಿಕಾ

ಇಂದಿನ ಶಿವಾಜಿನಗರ ಆಗ ಬ್ಲ್ಯಾಕ್‌ಪಳ್ಳಿ. ತಮಿಳುನಾಡಿನ ಸೆಂಜಿ ಕಡೆಯಿಂದ ಬಂದ ಕ್ರೈಸ್ತ ಕುಟುಂಬಗಳು ಇಲ್ಲಿ ಬಿಳಿ ಅಕ್ಕಿ ಬೆಳೆಯುತ್ತಿದ್ದರು, ‘ಬಿಳಿ ಅಕ್ಕಿ ಪಳ್ಳಿ’ಯೇ ಬ್ಲ್ಯಾಕ್‌ಪಳ್ಳಿ ಆಯಿತು ಎಂದು ಹಿರಿಯರು ಹೇಳುತ್ತಾರೆ. ಇಲ್ಲಿದ್ದ ಸಣ್ಣ ಪ್ರಾರ್ಥನಾಲಯವನ್ನು ಬೆಳೆಸಿದವರೂ ದ್ಯುಬುವಾ ಸ್ವಾಮಿಗಳೇ. 1832ರಲ್ಲಿ ಗಲಭೆಯಾದಾಗ ಇದರ ಕಾವಲಿಗೆ ಸೈನಿಕರು ನಿಲ್ಲಬೇಕಾಯಿತು. ಈಗಿನ ದೇವಾಲಯಕ್ಕೆ 1882ರ ಸೆಪ್ಟೆಂಬರ್ 8ರಂದು ಅಭಿಷೇಕವಾಯಿತು. 1898ರಲ್ಲಿ ಪ್ಲೇಗ್ ಬಂದಾಗ ಜನ ಮಾತೆಯ ಮೊರೆ ಹೋದರು. ಒಂದು ಕಾಲಕ್ಕೆ ಸೈನಿಕರ ಕಾವಲು ಬೇಕಿದ್ದ ಅಂಗಳಕ್ಕೆ ಇಂದು ಎಲ್ಲ ಮತದವರೂ ಕೈಮುಗಿದು ಬರುತ್ತಾರೆ.

ನೆರೆಯ ಶ್ರೀಲಂಕಾದಲ್ಲೂ ಹೀಗೆಯೇ. 1983ರಿಂದ 2009ರವರೆಗೆ ಅಲ್ಲಿ ಅಂತರ್ಯುದ್ಧ. ಮನ್ನಾರ್ ಸೀಮೆಯ ಮಡು ಮಾತೆಯ ಕ್ಷೇತ್ರದಲ್ಲಿ ಸಾವಿರಾರು ನಿರಾಶ್ರಿತರು ತಂಗಿದ್ದರು. 2008ರಲ್ಲಿ ಹೋರಾಟ ಹತ್ತಿರ ಬಂದಾಗ ಗುರುಗಳು ಮಾತೆಯ ಸ್ವರೂಪವನ್ನೇ ಬೇರೆ ಕಡೆಗೆ ಒಯ್ಯಬೇಕಾಯಿತು. ಇಂದು ಅಲ್ಲಿ ತಮಿಳರೂ ಸಿಂಹಳೀಯರೂ ಒಂದೇ ಹಬ್ಬಕ್ಕೆ ಸೇರುತ್ತಾರೆ. ಹಾಗೆಂದು ಮಗನನ್ನು ಕಳೆದುಕೊಂಡ ತಾಯಿಯ ನೋವು ಮುಗಿಯಿತೆಂದಲ್ಲ. ಅಳುವವಳ ಪಕ್ಕದಲ್ಲಿ ಕೂರಲು ಒಂದು ಜಾಗ ಸಿಕ್ಕಿತು.

ನಮ್ಮ ಸಂಘಕ್ಕೆ ಏನು ಪಾಠ?

ನಮ್ಮ ಬೆಂಗಳೂರೂ ಗಾಯ ಕಂಡಿದೆ. 1991ರ ಡಿಸೆಂಬರ್‌ನಲ್ಲಿ, ಮತ್ತೆ 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ನೀರಿನ ಹೆಸರಿನಲ್ಲಿ ಗಲಭೆಯಾಯಿತು. ಇಂಥ ದಿನಗಳಲ್ಲಿ ದಿನಗೂಲಿ ತಪ್ಪುವುದು, ಮಕ್ಕಳು ಹಸಿಯುವುದು ನಮ್ಮಂಥವರ ಮನೆಯಲ್ಲೇ. ಗಲಾಟೆ ಮುಗಿದ ಮೇಲೂ ‘ಅವರ ಭಾಷೆಯವರು ಬೇಡಪ್ಪ’ ಎನ್ನುವ ಮಾತು ಸಂಘದೊಳಗೆ ನುಸುಳುತ್ತದೆ. ಸಾಲ ಕೊಡುವಾಗ, ಪ್ರತಿನಿಧಿ ಆರಿಸುವಾಗ ಅದು ಹೊರಗೆ ಬರುತ್ತದೆ.

ದೊಡ್ಡ ಸ್ವಾಮಿಗಳ ದಾರಿ ನಮಗೆ ಹೇಳುವುದು ಇಷ್ಟೇ: ಮುರಿದ ಮನಸ್ಸನ್ನು ಭಾಷಣ ಕೂಡಿಸುವುದಿಲ್ಲ, ಕೂಡಿ ಮಾಡುವ ಕೆಲಸ ಕೂಡಿಸುತ್ತದೆ. ಒಂದೇ ಚಾಪೆಯ ಮೇಲೆ ಕೂತು ವಾರದ ಉಳಿತಾಯ ಎಣಿಸುವುದೂ ಅಂಥದೇ ಕೆಲಸ. ‘ಶಾಂತಿಗಾಗಿ ಶ್ರಮಿಸುವವರು ಧನ್ಯರು’ ಎಂದ ಯೇಸುಸ್ವಾಮಿಯ ಮಾತಿನಲ್ಲಿ ಶ್ರಮವೂ ಇದೆ, ಮರೆಯಬೇಡಿ.

ಸಭೆಯಲ್ಲಿ ಚರ್ಚಿಸಿ

1. ಭಾಷೆ, ಜಾತಿ ಅಥವಾ ಧರ್ಮದ ಕಾರಣಕ್ಕೆ ನಮ್ಮ ಸಂಘದಲ್ಲಿ ಯಾರಾದರೂ ಮೌನವಾಗಿದ್ದಾರಾ?
2. ಜಗಳವಾಗಿ ಸಂಘ ಬಿಟ್ಟವರ ಮನೆಗೆ ಈ ತಿಂಗಳು ಯಾರು ಹೋಗಿ ಬರುತ್ತೀರಿ?
3. ಹಬ್ಬದ ದಿನ ನಡೆದು ಬರುವ ಯಾತ್ರಿಕರಿಗೆ ನೀರು, ಮಜ್ಜಿಗೆ ಕೊಡಲು ನಮ್ಮ ಬೀದಿಯ ಎಲ್ಲ ಸಂಘಗಳೂ ಸೇರಬಹುದಾ?

ತೀರ್ಮಾನವನ್ನು ಸಭೆಯ ಪುಸ್ತಕದಲ್ಲಿ ಬರೆದು, ಮುಂದಿನ ಸಭೆಯಲ್ಲಿ ಓದಿ ಹೇಳಿ.