ಮೈಕ್ರೊ-ಎಲ್‌ಇಡಿ ಫಲಕಗಳ ವಿದ್ಯುನ್ಮಂಡಲ ವಿನ್ಯಾಸ

ಹುಲಿಕೆರೆ, ಹಳೇಬೀಡುಗಳಂತಹ ಊರುಗಳ ಅಂಗಡಿ ಮುಂಗಟ್ಟಿನ ಎಲ್‌ಇಡಿ ನಾಮಫಲಕದಲ್ಲಿ ದೀಪವೊಂದು ಕೆಟ್ಟರೆ ಬೆಸುಗೆ ಬಿಡಿಸಿ ಬದಲಾಯಿಸಬಹುದು. ಮೈಕ್ರೊ-ಎಲ್‌ಇಡಿ ಫಲಕದಲ್ಲಿ ಈ ಸೌಕರ್ಯವು ದುರ್ಲಭ. ಅಲ್ಲಿನ ದೀಪದ ಅಗಲ ಸಾಮಾನ್ಯವಾಗಿ 100 ಮೈಕ್ರಾನಿಗಿಂತಲೂ ಕಡಿಮೆ.

4ಕೆ ಫಲಕವೊಂದರಲ್ಲಿ 3,840 × 2,160 ಚಿತ್ರಬಿಂದುಗಳಿರುತ್ತವೆ. ಕೆಂಪು, ಹಸಿರು, ನೀಲಿ ಸೇರಿ ಸುಮಾರು 2.49 ಕೋಟಿ ದೀಪಗಳು. ಹತ್ತು ಸಾವಿರಕ್ಕೆ ಒಂದು ಮಾತ್ರ ಕೆಟ್ಟರೂ ಸುಮಾರು 2,490 ಕಪ್ಪು ಚುಕ್ಕೆಗಳು ಉಳಿಯುತ್ತವೆ. ಅಂತಹ ಫಲಕವನ್ನು ಯಾರು ಕೊಂಡಾರು?

ಆದುದರಿಂದ ಪ್ರತಿಯೊಂದು ಬಣ್ಣಕ್ಕೂ ಎರಡು ದೀಪಗಳನ್ನು ಸಮಾಂತರವಾಗಿ ಜೋಡಿಸುವ ಕ್ರಮವುಂಟು. ಒಂದರ ಸಂಪರ್ಕ ಕಡಿದರೆ ಇನ್ನೊಂದು ಬೆಳಗುತ್ತದೆ. ಶಾರ್ಟ್ ಸರ್ಕ್ಯೂಟ್ ಆದರೆ ಮಾತ್ರ ಕೆಟ್ಟ ದೀಪವೇ ಪ್ರವಾಹವನ್ನೆಲ್ಲ ಸೆಳೆದುಕೊಂಡು ಜೊತೆಯದನ್ನೂ ಆರಿಸುತ್ತದೆ. ಹೀಗಾಗಿ ಲೇಸರ್‌ನಿಂದ ಕತ್ತರಿಸಬಹುದಾದ ಕೊಂಡಿಯನ್ನು ಪ್ರತಿ ಶಾಖೆಯಲ್ಲಿಯೂ ಮೊದಲೇ ಇರಿಸಬೇಕು. ಎರಡು ದೀಪಗಳ ದೋಷಗಳಿಗೆ ಪರಸ್ಪರ ಸಂಬಂಧವಿಲ್ಲದಿದ್ದರೆ, ನಾಲ್ಕು ಫಲಕಗಳಿಗೆ ಒಂದು ಕಪ್ಪು ಚುಕ್ಕೆ ಎಂಬುದು ಲೆಕ್ಕ. ಆದರೆ ಒಂದೇ ಧೂಳಿನ ಕಣ ಎರಡನ್ನೂ ಕೆಡಿಸಬಲ್ಲದು. ಕಾಗದದ ಲೆಕ್ಕ ಕಾರ್ಖಾನೆಯಲ್ಲಿ ನಿಲ್ಲದು. ದೀಪಗಳ ವೆಚ್ಚವೂ ಇಮ್ಮಡಿ.

ವೆಚ್ಚವೇ ಈ ಉದ್ಯಮದ ಕಂಟಕ. 2024ರ ಫೆಬ್ರುವರಿಯಲ್ಲಿ ಎಎಂಎಸ್ ಓಸ್ರಾಮ್ ಸಂಸ್ಥೆಯು ತನ್ನ ಪ್ರಮುಖ ಮೈಕ್ರೊ-ಎಲ್‌ಇಡಿ ಯೋಜನೆ ರದ್ದಾದುದನ್ನು ಪ್ರಕಟಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ಯಾಲಿಯಂ ನೈಟ್ರೈಡ್ ಸಂಶೋಧನೆ ನಡೆದಿದ್ದರೂ, ಹಾಸನದ ಸಣ್ಣ ಉದ್ಯಮಿಗೆ ದೀಪ ತಯಾರಿಕೆಗಿಂತ ಪರೀಕ್ಷಾ ಮಂಡಲಗಳ ವಿನ್ಯಾಸವೇ ಕೈಗೆಟುಕುವ ಕ್ಷೇತ್ರ. ಚಾಲಕ ಟ್ರಾನ್ಸಿಸ್ಟರುಗಳ ಪ್ರವಾಹವನ್ನು ದೀಪ ಕೂರಿಸುವ ಮುನ್ನವೇ ಅಳೆಯಲು ಫಲಕದೊಳಗೆ ಸ್ವಿಚ್ಚೊಂದನ್ನು ಸೇರಿಸಿದರೆ ಸ್ವಲ್ಪ ಜಾಗ ವ್ಯಯವಾಗುವುದು ನಿಜ. ಆದರೆ ದೋಷಯುಕ್ತ ಗಾಜಿನ ಮೇಲೆ ದುಬಾರಿ ದೀಪಗಳನ್ನು ಕೂರಿಸುವ ಪ್ರಮೇಯ ಬಾರದು.