ಕಿರ್ದಿಯಿಂದ ಖತಾವಣಿಗೆ: ಮನೆಖರ್ಚಿನ ಲೆಕ್ಕ ಕಲಿಸಿದ್ದು

ಹಳೆಯ ಕಾಲದ ಅಂಗಡಿ ಲೆಕ್ಕದಲ್ಲಿ ಮುಖ್ಯವಾಗಿ ಎರಡು ಪುಸ್ತಕಗಳಿರುತ್ತಿದ್ದವು. ಆಯಾ ದಿನದ ಕೊಡು-ಕೊಳ್ಳುವ ವ್ಯವಹಾರವನ್ನು ನಡೆದ ಕ್ರಮದಲ್ಲೇ ಬರೆದಿಡುವ ಪುಸ್ತಕ ಕಿರ್ದಿ. ಆ ಕಿರ್ದಿಯ ಒಂದೊಂದು ಸಾಲನ್ನೂ ಎತ್ತಿ, ಬಾಬ್ತುವಾರು, ಎಂದರೆ ಯಾವ ವಿಷಯಕ್ಕೆ ಎಷ್ಟು ಹೋಯಿತೆಂಬುದು ತಿಳಿಯುವಂತೆ, ಬೇರೆ ಬೇರೆ ಹಾಳೆಗಳಿಗೆ ಏರಿಸಿದ ಪುಸ್ತಕ ಖತಾವಣಿ. ಮನೆಖರ್ಚನ್ನು ಬರೆದಿಡುವ ರೂಢಿ ಕನ್ನಡ ನಾಡಿನ ಮಧ್ಯಮವರ್ಗದ ಮನೆಗಳಿಗೆ ಹೊಸದಲ್ಲ. ಹೊಸ ವರ್ಷಕ್ಕೆ ಯಾರೋ ಕೊಟ್ಟ ಡೈರಿಯಲ್ಲಿ ದಿನಸಿಯ ಲೆಕ್ಕವೂ, ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ಹಾಲಿನ ಲೆಕ್ಕವೂ ತಲೆಮಾರುಗಳಿಂದ ನಡೆದುಬಂದಿವೆ. ಆದರೆ ಹೀಗೆ ಬರೆದದ್ದು ಬಹುಪಾಲು ಮನೆಗಳಲ್ಲಿ ಕಿರ್ದಿಯಾಗಿಯೇ ಉಳಿದು, ವರ್ಷ ಮುಗಿದ ಮೇಲೆ ರದ್ದಿಗೆ ಹೋಗುತ್ತದೆ. ಪ್ರಸ್ತುತ ಲೇಖಕಿಯ ಮೈಸೂರಿನ ಮನೆಯಲ್ಲಿ, ಐದು ಜನರ ಸಂಸಾರಕ್ಕೆ, 11 ವರ್ಷ ಕಿರ್ದಿ ಮಾತ್ರ ಇತ್ತು. ಖತಾವಣಿ ಎತ್ತಿದ್ದು 12ನೆಯ ವರ್ಷದಲ್ಲಿ. ಇಲ್ಲಿ ಹೇಳಲಿರುವುದೆಲ್ಲ ಆ ವಿಂಗಡಣೆಯಿಂದ ಹೊರಬಿದ್ದದ್ದು.

ವಿಂಗಡಣೆ ಮೊದಲು ತೋರಿಸಿದ ಸಂಗತಿಯೆಂದರೆ, ಮನೆಯಲ್ಲಿ ಯಾವ ಖರ್ಚಿನ ಬಗ್ಗೆ ಹೆಚ್ಚು ಮಾತು ನಡೆಯುತ್ತಿತ್ತೋ ಅದು ಹಾಳೆಯ ಮೇಲೆ ಚಿಕ್ಕದಾಗಿತ್ತು. ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಮಾಡಿದ ಚೌಕಾಶಿ, ಹಬ್ಬಕ್ಕೆ ತೆಗೆದ ಸೀರೆ, ತಿಂಗಳಿಗೊಮ್ಮೆ ಹೋಟೆಲಿನಲ್ಲಿ ತಿಂದ ಮಸಾಲೆದೋಸೆ ಇವೆಲ್ಲ ಕಣ್ಣಿಗೆ ಬೀಳುವ ಖರ್ಚುಗಳು. ಇವಕ್ಕೆ ಆಕ್ಷೇಪವೂ ಸಮರ್ಥನೆಯೂ ಒಟ್ಟಿಗೇ ಹುಟ್ಟುತ್ತವೆ. ಯಾರೂ ಮಾತೆತ್ತದ ಮೂರು ಹಾಳೆಗಳು, ಎಂದರೆ ಬಿಸಿ ಮಾಡುವುದಕ್ಕೆ ತಗಲುವ ಇಂಧನ, ಡಬ್ಬಿಯಲ್ಲೇ ಕೆಟ್ಟುಹೋಗುವ ಸಾಮಾನು ಮತ್ತು ಕಟ್ಟಿದ ಬಡ್ಡಿ, ಅವುಗಳ ಹಲವು ಪಟ್ಟು ದೊಡ್ಡದಾಗಿದ್ದವು. ಸೊಪ್ಪಿನವಳೊಡನೆ ಮಾಡಿದ ಚೌಕಾಶಿ 11 ವರ್ಷದಲ್ಲಿ ಮನೆಗೆ ತಂದುಕೊಟ್ಟದ್ದು ಒಂದೇ ತಿಂಗಳ ಕ್ರೆಡಿಟ್ ಕಾರ್ಡ್ ಬಡ್ಡಿಗೂ ಸಾಲುತ್ತಿರಲಿಲ್ಲವೆಂಬುದನ್ನು ಕಂಡಮೇಲೆ, ಆ ಮನೆಯಲ್ಲಿ ಸೊಪ್ಪಿಗೆ ಚೌಕಾಶಿ ಮಾಡುವುದು ನಿಂತಿತು.

ಬಿಸಿಯ ಬಾಬ್ತನ್ನು ಅರ್ಥಮಾಡಿಕೊಳ್ಳಲು ವಿದ್ಯುತ್ತಿನ ಯೂನಿಟ್ ಎಂಬ ಅಳತೆ ತಿಳಿದಿರಬೇಕು. 1,000 ವಾಟ್ ಶಕ್ತಿಯ ಉಪಕರಣ ಒಂದು ಗಂಟೆ ನಡೆದರೆ ಆಗುವ ಬಳಕೆಯೇ ಒಂದು ಯೂನಿಟ್. ಸ್ನಾನದ ಮನೆಯ ಗೀಸರ್ ಸಾಮಾನ್ಯವಾಗಿ 2,000 ವಾಟ್‌ನದು. ಅದು ಅರ್ಧ ಗಂಟೆ ಕಾದರೆ ಒಂದು ಯೂನಿಟ್ ಮುಗಿಯುತ್ತದೆ. 9 ವಾಟ್‌ನ ಎಲ್‌ಇಡಿ ಬಲ್ಬು ಅದೇ ಒಂದು ಯೂನಿಟ್‌ನಲ್ಲಿ ಸುಮಾರು 110 ಗಂಟೆ ಉರಿಯುತ್ತದೆ. ದೀಪ ಆರಿಸದೆ ಕೋಣೆಯಿಂದ ಹೊರಬಂದ ಮಕ್ಕಳಿಗೆ ಬೈಗುಳವೂ, ಬೆಳಗ್ಗೆ ಐದೂವರೆಗೆ ಹಾಕಿದ ಗೀಸರ್ ಸ್ವಿಚ್ಚನ್ನು ಎಂಟಕ್ಕೆ ಆರಿಸುವ ಹಿರಿಯರಿಗೆ ಮೌನವೂ ಸಲ್ಲುವ ಪದ್ಧತಿ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ದೀಪ ಆರಿಸುವ ಅಭ್ಯಾಸ ಒಳ್ಳೆಯದೇ, ಆದರೆ ಗುಂಡುಬಲ್ಬುಗಳು 60 ವಾಟ್ ಎಳೆಯುತ್ತಿದ್ದ ಕಾಲದಲ್ಲಿ ಅದಕ್ಕಿದ್ದ ಬೆಲೆ ಈಗ ಇಲ್ಲ. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಡಿ ಎಲ್‌ಇಡಿ ಬಲ್ಬುಗಳು ಕಡಿಮೆ ಬೆಲೆಗೆ ಮನೆಮನೆಗೆ ತಲುಪಿದ ಮೇಲೆ ಬೆಳಕಿನ ಬಾಬ್ತು ಕುಗ್ಗಿ, ಬಿಸಿಯ ಮತ್ತು ಗಾಳಿಯ ಬಾಬ್ತುಗಳು ಮುಂದೆ ಬಂದಿವೆ. ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್ ಬಳಸಿದರೆ, ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನ ಫ್ಯಾನಿಗೆ 30 ವಾಟ್ ಆಸುಪಾಸು ಸಾಕು. ದಿನಕ್ಕೆ 15 ಗಂಟೆ ತಿರುಗುವ ಒಂದು ಫ್ಯಾನಿನಿಂದ ತಿಂಗಳಿಗೆ ಸುಮಾರು 20 ಯೂನಿಟ್ ಉಳಿಯುತ್ತದೆಂಬುದು ಇದರಿಂದ ತಾನಾಗಿ ಹೊರಡುವ ಲೆಕ್ಕ. ಮನೆಯ ಎಲ್ಲ ಫ್ಯಾನುಗಳನ್ನೂ ಒಮ್ಮೆಗೇ ಬದಲಿಸುವುದಕ್ಕಿಂತ, ಹೆಚ್ಚು ಹೊತ್ತು ತಿರುಗುವ ಒಂದನ್ನು, ಬಹುಶಃ ಹಿರಿಯರು ಮಲಗುವ ಕೋಣೆಯದನ್ನು, ಮೊದಲು ಬದಲಿಸುವುದು ವಿವೇಕ.

ಕರ್ನಾಟಕದ ಮನೆಗಳಿಗೆ ಯೂನಿಟ್ ಲೆಕ್ಕ 2023ರ ನಂತರ ಇನ್ನೊಂದು ಕಾರಣಕ್ಕೂ ಮುಖ್ಯವಾಗಿದೆ. ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ಸಿಗುವ ಉಚಿತ ಯೂನಿಟ್‌ಗಳು ಆ ಮನೆಯ 2022-23ರ ಸರಾಸರಿ ಬಳಕೆಯನ್ನು ಆಧರಿಸಿ ನಿಗದಿಯಾಗಿವೆ. ಆ ಮಿತಿಯನ್ನು ದಾಟಿದರೂ 200 ಯೂನಿಟ್‌ನೊಳಗಿದ್ದರೆ ಹೆಚ್ಚುವರಿ ಬಳಕೆಗಷ್ಟೇ ಹಣ ಕಟ್ಟಬೇಕು, 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಸರಾಸರಿ 180ರ ಸುತ್ತ ಇರುವ ಮನೆಗೆ ಏಪ್ರಿಲ್, ಮೇ ತಿಂಗಳಲ್ಲಿ ಆ ಗೆರೆ ದಾಟುವ ಅಪಾಯ ಹೆಚ್ಚು. ಲೇಖಕಿಯ ಮನೆಯಲ್ಲಿ ಒಂದು ಬೇಸಿಗೆಯಲ್ಲಿ ಬಳಕೆ 207 ಯೂನಿಟ್ ತಲುಪಿದಾಗ, ಕೊನೆಯ ಏಳು ಯೂನಿಟ್‌ಗಾಗಿ ಇಡೀ ತಿಂಗಳ ಬಿಲ್ಲು ತೆರಬೇಕಾಯಿತು. ಅಂದಿನಿಂದ ಪ್ರತಿ ಭಾನುವಾರ ಮೀಟರಿನ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸ ಮನೆಯ ಕಿರಿಯ ಮಗನದಾಗಿದೆ. ಮೂರನೆಯ ಭಾನುವಾರದ ಅಂಕಿ 150 ಯೂನಿಟ್ ಬಳಕೆ ತೋರಿಸಿದರೆ ಉಳಿದ ದಿನ ಇಸ್ತ್ರಿಯೂ ಗೀಸರೂ ಹಿಡಿತಕ್ಕೆ ಬರುತ್ತವೆ.

ಅಡುಗೆಯ ಅನಿಲದ ವಿಷಯದಲ್ಲಿ ಉಳಿತಾಯ ನಿಂತಿರುವುದು ನೀರಿನ ಒಂದು ಗುಣದ ಮೇಲೆ. ಕುದಿಯಲು ಆರಂಭಿಸಿದ ನೀರಿನ ಉಷ್ಣಾಂಶ, ಉರಿ ಎಷ್ಟೇ ಹೆಚ್ಚಿಸಿದರೂ, ಏರುವುದಿಲ್ಲ. ಹೆಚ್ಚಿಸಿದ ಉರಿ ನೀರನ್ನು ಬೇಗ ಆವಿಯಾಗಿಸುತ್ತದೆಯೇ ಹೊರತು ಬೇಳೆಯನ್ನು ಬೇಗ ಬೇಯಿಸುವುದಿಲ್ಲ. ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿರುವ ಮೈಸೂರು, ಬೆಂಗಳೂರುಗಳಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುವುದರಿಂದ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಕರಾವಳಿಯಲ್ಲಿ ಬೇಯುವುದಕ್ಕಿಂತ ಇಲ್ಲಿ ಇನ್ನಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಕುಕ್ಕರಿನೊಳಗೆ ಆವಿಯ ಒತ್ತಡದಿಂದ ಈ ಉಷ್ಣಾಂಶ ಸುಮಾರು 120 ಡಿಗ್ರಿಗೆ ಏರುವುದೇ ಅದರ ಪ್ರಯೋಜನದ ಗುಟ್ಟು. ಆದ್ದರಿಂದ ಮೊದಲ ಕೂಗು ಬಂದೊಡನೆ ಉರಿ ಸಣ್ಣ ಮಾಡಿದರೂ ಒಳಗಿನ ಕಾವು ಇಳಿಯುವುದಿಲ್ಲ, ಮೇಲಿಂದ ಮೇಲೆ ಕೂಗಿಸುವುದರಿಂದ ಆವಿಯೊಡನೆ ಅನಿಲವೂ ನಷ್ಟ. ಕುಕ್ಕರಿನ ಮೂರು ಡಬ್ಬಿಗಳಲ್ಲಿ ಅನ್ನ, ಬೇಳೆ, ತರಕಾರಿ ಒಟ್ಟಿಗೆ ಬೇಯಿಸುವುದು, ಕಡಲೆ, ಅವರೆ, ಹುರುಳಿಗಳನ್ನು ರಾತ್ರಿಯೇ ನೆನೆಹಾಕುವುದು, ಫ್ರಿಜ್ಜಿನಿಂದ ತೆಗೆದ ಹಾಲನ್ನು ಸ್ವಲ್ಪ ಹೊತ್ತು ಹೊರಗಿಟ್ಟು ಕಾಯಿಸುವುದು, ಉರಿ ಹಳದಿಗೆ ತಿರುಗಿದರೆ ಬರ್ನರ್ ಕಟ್ಟಿಕೊಂಡಿದೆಯೆಂದು ತಿಳಿದು ಸ್ವಚ್ಛ ಮಾಡುವುದು ಇವೆಲ್ಲ ಗೃಹಿಣಿಯರು ಬಲ್ಲ ಸಂಗತಿಗಳೇ. ಅವರು ಬಲ್ಲದ್ದನ್ನು ಮನೆಯ ಉಳಿದವರು ನಂಬುವಂತೆ ಮಾಡಿದ್ದು ಸಿಲಿಂಡರಿನ ಹಾಳೆ. ಸಿಲಿಂಡರ್ ಹಾಕಿದ ದಿನ ಮತ್ತು ಮುಗಿದ ದಿನವನ್ನು ಬರೆಯುತ್ತ ಹೋದಾಗ, 14.2 ಕಿಲೋ ಅನಿಲದ ಒಂದು ಸಿಲಿಂಡರ್ ಈ ಮನೆಯಲ್ಲಿ 31 ದಿನದಿಂದ ಕ್ರಮೇಣ 40 ದಿನಕ್ಕೆ ಬಂತು. ಅಡುಗೆಯಲ್ಲಿ ಒಂದು ಪದಾರ್ಥವೂ ಕಡಿಮೆಯಾಗಲಿಲ್ಲ.

ಡಬ್ಬಿಯಲ್ಲಿ ಕೆಡುವ ಸಾಮಾನಿನ ಹಾಳೆಯನ್ನು ಎತ್ತುವುದು ಕಷ್ಟ, ಏಕೆಂದರೆ ಕೊಂಡದ್ದನ್ನು ಎಲ್ಲರೂ ಬರೆಯುತ್ತಾರೆ, ಎಸೆದದ್ದನ್ನು ಯಾರೂ ಬರೆಯುವುದಿಲ್ಲ. ಒಂದು ವರ್ಷ ಎಸೆದದ್ದನ್ನೂ ಬರೆದು ನೋಡಿದಾಗ, ಅದರಲ್ಲಿ ಬಹುಪಾಲು ಅಗ್ಗವೆಂದು ಕೊಂಡ ದೊಡ್ಡ ಪೊಟ್ಟಣಗಳೂ ಒಂದಕ್ಕೊಂದು ಉಚಿತವೆಂದು ಬಂದವೂ ಆಗಿದ್ದವು. ವರ್ಷಕ್ಕಾಗುವಷ್ಟು ಸಾಮಾನು ಕೊಳ್ಳುವ ಹಿರಿಯರ ಪದ್ಧತಿ ಸರಿಯಾದದ್ದೇ, ಆದರೆ ಅದಕ್ಕೆ ಒಂದು ಕಟ್ಟುಪಾಡಿತ್ತು: ಕಾಳು, ಬೇಳೆ, ಹುಣಸೆಹಣ್ಣು, ಒಣಮೆಣಸಿನಕಾಯಿಗಳನ್ನು ವರ್ಷಕ್ಕೆ ಕೊಳ್ಳುತ್ತಿದ್ದರು, ಹಿಟ್ಟನ್ನು ಬೇಕಾದಷ್ಟೇ ಬೀಸಿಸುತ್ತಿದ್ದರು. ಇಡಿಯಾದ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಅದೇ ರಾಗಿ ಹಿಟ್ಟಾದರೆ ಎರಡು ತಿಂಗಳು ಕಳೆಯುವುದರೊಳಗೆ ಮುಗ್ಗುವಾಸನೆ ಹಿಡಿಯುತ್ತದೆ. ಲೇಖಕಿಯ ಮನೆಯಲ್ಲಿ ರಿಯಾಯಿತಿಗೆ ಮರುಳಾಗಿ ಒಟ್ಟಿಗೆ ತಂದ ಹತ್ತು ಕಿಲೋ ಗೋಧಿಹಿಟ್ಟು ಮತ್ತು ಐದು ಕಿಲೋ ರವೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹುಳ ಬಿದ್ದು ಹೋದದ್ದು, ಈ ಕಟ್ಟುಪಾಡನ್ನು ಮರೆತದ್ದರ ಫಲ. ಕಲಬುರಗಿ ಸೀಮೆಯ ಹೊಸ ತೊಗರಿ ಮಾರುಕಟ್ಟೆಗೆ ಬರುವ ಚಳಿಗಾಲದ ಕೊನೆಯಲ್ಲಿ ಬೇಳೆಯನ್ನೂ, ಬ್ಯಾಡಗಿಯ ಮಾರುಕಟ್ಟೆ ತುಂಬುವ ದಿನಗಳಲ್ಲಿ ಮೆಣಸಿನಕಾಯಿಯನ್ನೂ, ಬೇಸಿಗೆಯ ಆರಂಭದಲ್ಲಿ ಹುಣಸೆಯನ್ನೂ ಕೊಂಡು, ಬೇಳೆಗೆ ಹರಳೆಣ್ಣೆ ಸವರಿ, ಹುಣಸೆಗೆ ಉಪ್ಪು ಬೆರೆಸಿ, ಎಲ್ಲವನ್ನೂ ಬಿಸಿಲಿಗೆ ಹಾಕಿ ಡಬ್ಬಿಗೆ ತುಂಬುವ ಕೆಲಸಕ್ಕೆ ವರ್ಷಕ್ಕೆ ನಾಲ್ಕು ದಿನ ಸಾಕು. ಬಾಡಿಗೆಮನೆಯ ಇಕ್ಕಟ್ಟಿನಲ್ಲಿರುವವರಿಗೆ ಇದು ಸಾಧ್ಯವಿಲ್ಲದಿದ್ದರೆ, ಪೊಟ್ಟಣದ ಮೇಲೆ ಈಗ ನಿಯಮದಂತೆ ಮುದ್ರಿತವಾಗುವ ಗ್ರಾಂವಾರು ಅಥವಾ ಕಿಲೋವಾರು ಬೆಲೆಯನ್ನು ಹೋಲಿಸಿ ಕೊಳ್ಳುವುದರಿಂದಲೂ ಸಾಕಷ್ಟು ಹಣ ಉಳಿಯುತ್ತದೆ.

ಔಷಧದ ಬಗ್ಗೆ ಹೇಳಬೇಕಾದದ್ದು ಚಿಕ್ಕದು. ರಕ್ತದೊತ್ತಡ, ಸಕ್ಕರೆಕಾಯಿಲೆಯ ಮಾತ್ರೆಗಳು ತಿಂಗಳು ತಿಂಗಳೂ ಬೇಕಾಗುವ ಮನೆಗೆ ಜನೌಷಧಿ ಕೇಂದ್ರಗಳು ದೊಡ್ಡ ಆಸರೆ. ಕಂಪನಿಯ ಹೆಸರಿಲ್ಲದೆ, ಒಳಗಿನ ಮೂಲ ಔಷಧದ ಹೆಸರಿನಲ್ಲೇ ಮಾರುವ ಜೆನೆರಿಕ್ ಮಾತ್ರೆಗಳು ಅಲ್ಲಿ ಹಲವು ಸಲ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ವೈದ್ಯರನ್ನು ಕೇಳಿಕೊಂಡೇ ಬದಲಿಸಬೇಕೆಂಬುದನ್ನು ಮಾತ್ರ ಮರೆಯಬಾರದು.

ಬಡ್ಡಿಯ ಹಾಳೆ ಎಲ್ಲಕ್ಕಿಂತ ನೋವಿನದು. ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ಕನಿಷ್ಠ ಪಾವತಿ ಎಂಬ ಒಂದು ಮೊತ್ತವಿರುತ್ತದೆ. ಅಷ್ಟನ್ನು ಕಟ್ಟಿದರೆ ದಂಡ ಬೀಳುವುದಿಲ್ಲ, ಆದರೆ ಉಳಿದ ಬಾಕಿಯ ಮೇಲೆ ಬಡ್ಡಿ ನಡೆಯುತ್ತಲೇ ಇರುತ್ತದೆ. ಹಲವು ಕಾರ್ಡುಗಳಲ್ಲಿ ಈ ಬಡ್ಡಿ ತಿಂಗಳಿಗೆ ಶೇಕಡಾ 3ಕ್ಕೂ ಹೆಚ್ಚು, ಎಂದರೆ ಉಳಿತಾಯ ಖಾತೆಯಲ್ಲಿ ಬ್ಯಾಂಕು ಒಂದು ವರ್ಷಕ್ಕೆ ಕೊಡುವಷ್ಟನ್ನು ಕಾರ್ಡು ಒಂದೇ ತಿಂಗಳಲ್ಲಿ ಕಿತ್ತುಕೊಳ್ಳುತ್ತದೆ. ಒಂದು ಕಡೆ ಖಾತೆಯಲ್ಲಿ ಹಣವಿಟ್ಟುಕೊಂಡು, ಇನ್ನೊಂದು ಕಡೆ ಕನಿಷ್ಠ ಪಾವತಿ ಮಾಡುತ್ತ ಹದಿನಾಲ್ಕು ತಿಂಗಳು ಕಳೆದ ತಪ್ಪು ಖತಾವಣಿ ಎತ್ತದಿದ್ದರೆ ತಿಳಿಯುತ್ತಲೇ ಇರಲಿಲ್ಲ.

ಇದಕ್ಕೆ ಸೇರಿದ ಇನ್ನೊಂದು ನಷ್ಟ ಚೀಟಿಯದು. ಇಪ್ಪತ್ತು ಜನ ತಿಂಗಳಿಗೆ 5,000 ರೂಪಾಯಿಯಂತೆ ಹಾಕಿದರೆ ಒಂದು ಲಕ್ಷ ಕೂಡುತ್ತದೆ. ಹಣದ ಅಗತ್ಯವಿದ್ದವರು ಹೆಚ್ಚು ಕಳೆದು ಕೂಗಿ ಚೀಟಿ ಎತ್ತುತ್ತಾರೆ, ಹಾಗೆ ಕಳೆದ ಹಣದಲ್ಲಿ ಚೀಟಿ ನಡೆಸುವವರ ಕಮಿಷನ್ ಹೋಗಿ ಉಳಿದದ್ದು ಎಲ್ಲರಿಗೂ ಹಂಚಿಕೆಯಾಗುತ್ತದೆ. ಬ್ಯಾಂಕಿನ ಬಾಗಿಲು ತುಳಿಯಲಾಗದವರಿಗೆ ಸಾಲವೂ ಉಳಿತಾಯವೂ ಒಂದೇ ಕಡೆ ಸಿಗುವ ಈ ಏರ್ಪಾಡು ಮೂಲದಲ್ಲಿ ಒಳ್ಳೆಯದು. ಆದರೆ ಬೀದಿಯ ಪರಿಚಯವನ್ನೇ ನಂಬಿ ಲೇಖಕಿ ಸೇರಿದ ನೋಂದಣಿಯಿಲ್ಲದ ಚೀಟಿ 14ನೆಯ ತಿಂಗಳಲ್ಲಿ ಮುರಿದುಬಿದ್ದು, ಕಟ್ಟಿದ ಹಣ ಮರಳಲಿಲ್ಲ. 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ಚೀಟಿ ನಡೆಸಲು ಪೂರ್ವಾನುಮತಿಯೂ ನೋಂದಣಿಯೂ ಬೇಕು, ಕಮಿಷನ್ನಿಗೂ ಮಿತಿಯುಂಟು. 2019ರ ತಿದ್ದುಪಡಿಯ ನಂತರ ಅದು ಶೇಕಡಾ 7. ರಾಜ್ಯ ಸರ್ಕಾರದ ಸಂಸ್ಥೆಯಾದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಇಷ್ಟು ತಿಳಿದುಕೊಳ್ಳಲು ಒಂದು ಮಧ್ಯಾಹ್ನ ಸಾಕಾಗಿತ್ತು.

ಲೆಕ್ಕದ ಹೊರಗೆ ಉಳಿಯುವ ಹಣದ ಬಗ್ಗೆಯೂ ಒಂದು ಮಾತು ಅವಶ್ಯ. ಸಾಸಿವೆ ಡಬ್ಬಿಯಲ್ಲಿ, ಅಕ್ಕಿಯ ಡ್ರಮ್ಮಿನ ತಳದಲ್ಲಿ, ಸೀರೆಗಳ ಮಡಿಕೆಯಲ್ಲಿ ಹೆಂಗಸರು ಕೂಡಿಡುವ ಹಣ ಯಾವ ಕಿರ್ದಿಯಲ್ಲೂ ಕಾಣುವುದಿಲ್ಲ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿ ನೋಟುಗಳು ರದ್ದಾದಾಗ ಆ ಹಣ ಮನೆಮನೆಯಲ್ಲೂ ಹೊರಬರಬೇಕಾಯಿತು, ಅನೇಕ ಕಡೆ ಅದು ಮನೆಮಂದಿಯ ನಗೆಗೂ ಅನುಮಾನಕ್ಕೂ ಗುರಿಯಾಯಿತು. ಸ್ವಂತ ಸಂಪಾದನೆಯಿಲ್ಲದವರು ಆಪತ್ತಿಗೆಂದು ಮಾಡಿಕೊಂಡ ಆ ಏರ್ಪಾಡನ್ನು ಬಯಲಿಗೆಳೆಯುವುದು ನ್ಯಾಯವಲ್ಲ. ಮನೆಯ ಲೆಕ್ಕ ಎಷ್ಟೇ ಪಾರದರ್ಶಕವಾಗಿದ್ದರೂ, ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಒಂದು ಮೊತ್ತ ಗೃಹಿಣಿಯ ಹೆಸರಿನಲ್ಲೇ, ಅವಳ ಖಾತೆಯಲ್ಲೇ, ತಿಂಗಳು ತಿಂಗಳೂ ಜಮೆಯಾಗಬೇಕು.

ಖತಾವಣಿ ಎತ್ತಿದ ಮೊದಲ ವರ್ಷ ಉಳಿತಾಯದ ಉತ್ಸಾಹದಲ್ಲಿ ಎಲ್ಲ ಹಾಳೆಗಳೂ ಕುಗ್ಗಿದವು, ಹಾಲಿನದೂ ಕುಗ್ಗಿತು. ದಿನಕ್ಕೆ ಎರಡು ಲೀಟರ್ ಇದ್ದದ್ದು ಒಂದೂವರೆಗೆ ಇಳಿದದ್ದನ್ನು ಕಂಡು ಮನೆಯವರೆಲ್ಲ ಮೆಚ್ಚಿದರು. ಮಕ್ಕಳ ಲೋಟವೂ ಕಾಫಿಯೂ ಹಾಗೆಯೇ ಇದ್ದುದರಿಂದ, ಕಡಿಮೆಯಾದ ಅರ್ಧ ಲೀಟರ್ ಯಾರದೆಂದು ಯಾರೂ ಕೇಳಲಿಲ್ಲ. ಐದು ತಿಂಗಳ ಮೇಲೆ ಲೇಖಕಿಯ ಅತ್ತೆಯವರು ತಲೆಸುತ್ತಿ ಬಿದ್ದು, ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ತೀರ ಇಳಿದಿರುವುದು ತಿಳಿದಾಗ ಸಂಗತಿ ಹೊರಬಂತು: ಅವರು ತಮ್ಮ ಹಾಲನ್ನೂ ರಾತ್ರಿಯ ಮೊಸರನ್ನೂ ಬಿಟ್ಟಿದ್ದರು, ಸಾರು ಉಳಿದರೆ ಮಾತ್ರ, ಅದೂ ಪಲ್ಯವಿಲ್ಲದೆ, ಉಣ್ಣುತ್ತಿದ್ದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಕೊನೆಯಲ್ಲಿ ಉಣ್ಣುವವರು, ಉಳಿದದ್ದನ್ನು ಉಣ್ಣುವವರು ಯಾರೆಂಬುದನ್ನು ಬಲ್ಲವರಿಗೆ ಈ ಅಂಕಿ ಅಚ್ಚರಿ ತರುವುದಿಲ್ಲ. ಆ ಅರ್ಧ ಲೀಟರ್ ಹಾಲು ಮರುದಿನವೇ ಮರಳಿ ಬಂತು, ಅವರಿಗೆ ಚೇತರಿಸಿಕೊಳ್ಳಲು ಎಂಟು ತಿಂಗಳು ಹಿಡಿಯಿತು.

ಹೊಸದಾಗಿ ಮನೆಯ ಲೆಕ್ಕ ಹಿಡಿಯುವವರಲ್ಲಿ ಆದ್ದರಿಂದ ಒಂದು ವಿನಂತಿಯಿದೆ. ಖತಾವಣಿಯ ಮೊದಲ ಹಾಳೆಯಲ್ಲಿ, ಬೇರಾವ ಅಂಕಿ ಏರಿಸುವುದಕ್ಕೂ ಮುಂಚೆ, ಕತ್ತರಿ ಹಾಕಬಾರದ ಬಾಬ್ತುಗಳನ್ನು ಬರೆದಿಡಿ: ಹಾಲು, ಬೇಳೆ, ಸೊಪ್ಪು, ಔಷಧ, ಮತ್ತು ಅಡುಗೆ ಮಾಡುವವರ ಊಟ.